ಬಸ್ಸು ಬಿಟ್ಟವರು, ವೇದಿಕೆ ಸಿಗದವರು

1955ರ ಡಿಸೆಂಬರ್ 1ರ ರಾತ್ರಿ. ಅಮೆರಿಕದ ಮಾಂಟ್‌ಗೊಮರಿ ಊರಿನಲ್ಲಿ ಬಿಳಿಯನಿಗೆ ಸೀಟು ಬಿಡಲೊಪ್ಪದ ರೋಸಾ ಪಾರ್ಕ್ಸ್ ಬಂಧನವಾಗಿ ಕೆಲವು ಗಂಟೆ ಕಳೆದಿತ್ತು. ಕಾಲೇಜು ಅಧ್ಯಾಪಕಿ ಜೋ ಆನ್ ರಾಬಿನ್ಸನ್ ಸೈಕ್ಲೋಸ್ಟೈಲ್ ಯಂತ್ರದ ಮುಂದೆ ನಿಂತರು. ಜೊತೆಗೊಬ್ಬ ಸಹೋದ್ಯೋಗಿ, ಇಬ್ಬರು ವಿದ್ಯಾರ್ಥಿಗಳು. ಹಾಳೆಗೆ ಮೂರರಂತೆ ಕರಪತ್ರ ತೆಗೆದು, ಕತ್ತರಿಸಿ, ಕಟ್ಟು ಕಟ್ಟುವಷ್ಟರಲ್ಲಿ ಬೆಳಗಿನ ಜಾವ. ಸೋಮವಾರ ಯಾರೂ ಬಸ್ಸು ಹತ್ತಬೇಡಿ ಎಂಬ ಕರೆ ಹತ್ತಾರು ಸಾವಿರ ಪ್ರತಿಗಳಲ್ಲಿ ಊರು ತುಂಬಿತು.

ಇದು ಒಂದು ರಾತ್ರಿಯ ಸಿಟ್ಟಲ್ಲ. ರಾಬಿನ್ಸನ್ ಮುನ್ನಡೆಸುತ್ತಿದ್ದ ಮಹಿಳಾ ರಾಜಕೀಯ ಮಂಡಳಿಯ ಪರವಾಗಿ 1954ರ ಮೇ ತಿಂಗಳಲ್ಲೇ ಮೇಯರ್‌ಗೆ ಬಹಿಷ್ಕಾರದ ಎಚ್ಚರಿಕೆ ಹೋಗಿತ್ತು. ಬಸ್ಸಿನ ಅವಮಾನ ಕಪ್ಪು ಹೆಂಗಸರಿಗೆ ನಿತ್ಯದ್ದು: ಬಿಳಿಯರ ಮನೆಯ ಅಡುಗೆ, ಕಸ-ಮುಸುರೆಗೆ ಹೋಗುವ ಅವರೇ ಬಸ್ಸು ತುಂಬುತ್ತಿದ್ದರು.

ಹೋರಾಟದ ಮುಖ ಯಾರದಾಗಬೇಕು ಎಂಬಲ್ಲೂ ಹೆಣ್ತನದ ಲೆಕ್ಕಾಚಾರವಿತ್ತು. 1955ರ ಮಾರ್ಚ್‌ನಲ್ಲೇ 15ರ ಹುಡುಗಿ ಕ್ಲಾಡೆಟ್ ಕೊಲ್ವಿನ್ ಹೀಗೇ ಸೀಟು ಬಿಡದೆ ಬಂಧನಕ್ಕೊಳಗಾಗಿದ್ದಳು. ಮುಖಂಡರು ಹಿಂಜರಿದರು. ಚಿಕ್ಕ ವಯಸ್ಸು, ಬಡ ಮನೆ. ಮುಂದೆ ಮದುವೆಯಿಲ್ಲದೆ ಬಸಿರಾದಳು. ಪಾರ್ಕ್ಸ್ ವಿವಾಹಿತೆ, ಹೊಲಿಗೆ ಕೆಲಸದವರು, ಮೆಲುದನಿಯವರು. ಜನ ಕಂಡದ್ದು ಅಷ್ಟನ್ನೇ. 1944ರಲ್ಲಿ ಕಪ್ಪು ಹೆಣ್ಣೊಬ್ಬಳ ಮೇಲಿನ ಅತ್ಯಾಚಾರದ ತನಿಖೆಗೆ ಹೋಗಿದ್ದ ಹೋರಾಟಗಾರ್ತಿಯನ್ನಲ್ಲ.

ಡಿಸೆಂಬರ್ 5ರಂದು 26ರ ಪಾದ್ರಿ ಮಾರ್ಟಿನ್ ಲೂಥರ್ ಕಿಂಗ್ ಹೋರಾಟದ ಅಧ್ಯಕ್ಷರಾದರು. ಆ ಸಂಜೆ ಚರ್ಚಿನಲ್ಲಿ ಭಾಷಣ ಅವರದು. ಪಾರ್ಕ್ಸ್ ಅಲ್ಲೇ ಇದ್ದರು, ಮಾತಾಡಲಿಲ್ಲ.

ಬಹಿಷ್ಕಾರ 381 ದಿನ ನಡೆಯಿತು. ಬಸ್ಸಿನ ಬದಲು ಜನರನ್ನು ಒಯ್ಯುವ ಕಾರುಗಳ ಪೆಟ್ರೋಲಿಗೆ ದುಡ್ಡು ಬೇಕು. ಅಡುಗೆಯವರಾಗಿದ್ದ ಜಾರ್ಜಿಯಾ ಗಿಲ್ಮೋರ್ ಹೆಂಗಸರ ಗುಂಪು ಕಟ್ಟಿ ಕೋಳಿ ಕರಿದು, ಕೇಕು ಮಾಡಿ ಮಾರಿದರು. ದುಡ್ಡು ಎಲ್ಲಿಂದ ಬಂತೆಂದರೆ ‘ಎಲ್ಲಿಂದಲೂ ಇಲ್ಲ’. ಗುಂಪಿನ ಹೆಸರೇ ಅದು. ಕೊಟ್ಟವರ ಕೆಲಸ ಹೋಗದಿರಲಿ ಎಂಬ ಜಾಣತನ. ಅತ್ತ ಕೆಲಸದಾಕೆಯಿಲ್ಲದೆ ಬಿಳಿ ಗೃಹಿಣಿಯರಿಗೆ ದಿನ ಸಾಗದು. ಕೆಲವರು ತಾವೇ ಕಾರು ತಂದು ಕರೆದೊಯ್ದರು. ಹಾಗೆ ಮಾಡಬೇಡಿರೆಂದು ಮೇಯರ್ ಗೇಲ್ ಗೋಗರೆಯಬೇಕಾಯಿತು.

ಕೊನೆಗೆ ಬಸ್ಸಿನ ಭೇದವನ್ನು ಮುರಿದದ್ದು ನಾಲ್ವರು ಹೆಂಗಸರ ದಾವೆ. ಅವರಲ್ಲಿ ಕೊಲ್ವಿನ್ ಕೂಡ ಒಬ್ಬಳು. 1956ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಅವರ ಗೆಲುವನ್ನು ಎತ್ತಿಹಿಡಿಯಿತು.

ಸುಮಾರು ಏಳು ವರ್ಷದ ಮೇಲೂ ವೇದಿಕೆ ಹೆಚ್ಚು ಬದಲಾಗಿರಲಿಲ್ಲ. ಕಪ್ಪು ಜನರ ಹಕ್ಕುಗಳಿಗಾಗಿ ನಡೆದ 1963ರ ಆಗಸ್ಟ್ 28ರ ವಾಷಿಂಗ್ಟನ್ ಮೆರವಣಿಗೆಯ ಸಮಿತಿಯಲ್ಲಿದ್ದ ಆನಾ ಹೆಡ್ಜ್‌ಮನ್, ಮುಖ್ಯ ಭಾಷಣಕಾರರಲ್ಲಿ ಒಬ್ಬಳೂ ಹೆಣ್ಣಿಲ್ಲವೆಂದು ತಕರಾರೆತ್ತಿದರು. ಮಹಿಳೆಯರಿಗೊಂದು ಗೌರವಾರ್ಪಣೆ ಸೇರಿತು. ಹೋರಾಟಗಾರ್ತಿ ಡೇಸಿ ಬೇಟ್ಸ್‌ಗೆ ನಾಲ್ಕು ಮಾತಿನ ಅವಕಾಶ ಸಿಕ್ಕಿತು. ಅಂದು ಸಂಜೆ ಅಧ್ಯಕ್ಷ ಕೆನಡಿಯವರನ್ನು ಕಾಣಲು ಶ್ವೇತಭವನಕ್ಕೆ ಹೋದ ನಿಯೋಗದಲ್ಲಿದ್ದವರೆಲ್ಲ ಗಂಡಸರು.