ಮೋಟಾರು ಸೈಕಲ್ಲಿನ ಬ್ರೇಕ್ ಪ್ಯಾಡನ್ನು ಮನೆಯಲ್ಲೇ ಬದಲಿಸುವ ಬಗೆ



ಎತ್ತಿನ ಲಾಳ ಸವೆದಿದೆಯೇ ಎಂದು ಸಂತೆಗೆ ಹೊರಡುವ ಮುಂಚೆ ಕಾಲೆತ್ತಿ ನೋಡುವ ಅಭ್ಯಾಸ ನಮ್ಮ ಹಿರಿಯರಿಗಿತ್ತು. ಈಗ ಅನೇಕ ಮನೆಗಳಲ್ಲಿ ಆ ಎತ್ತಿನ ಜಾಗಕ್ಕೆ ಮೋಟಾರು ಸೈಕಲ್ಲು ಬಂದಿದೆ. ಮುಂದೆ ಮಗು, ಹಿಂದೆ ಹುಲ್ಲಿನ ಹೊರೆ, ಪಕ್ಕದಲ್ಲಿ ಡೇರಿಯ ಹಾಲಿನ ಕ್ಯಾನು ಇಟ್ಟುಕೊಂಡು ಕೆರೆ ಏರಿಯಿಂದ ಇಳಿಯುತ್ತೇವೆ. ಅಷ್ಟು ಭಾರವನ್ನು ತಡೆಯುವ ಕೆಲಸದಲ್ಲಿ ಹೆಚ್ಚಿನ ಪಾಲು ಮುಂದಿನ ಚಕ್ರದ ಎರಡು ಪುಟ್ಟ ಪ್ಯಾಡುಗಳದ್ದು. ಅವನ್ನು ಬಗ್ಗಿ ನೋಡುವವರು ಮಾತ್ರ ಕಡಿಮೆ.

ಇಲ್ಲಿ ಹೇಳುವುದು ಮುಂದೆ ಡಿಸ್ಕ್ ಬ್ರೇಕ್ ಇರುವ ಗಾಡಿಗಳ ವಿಷಯ. ಡ್ರಮ್ ಬ್ರೇಕಿನ ಕೆಲಸ ಬೇರೆ.

ಪ್ಯಾಡೆಂದರೆ ಕಬ್ಬಿಣದ ತಗಡಿನ ಮೇಲೆ ಅಂಟಿಸಿದ, ಉಜ್ಜಿ ಹಿಡಿಯುವ ಒಂದು ಪದರ. ನೀವು ಹಿಡಿಯನ್ನು ಒತ್ತಿದಾಗ ಬ್ರೇಕ್ ಆಯಿಲ್ ಪಿಸ್ಟನ್ನನ್ನು ತಳ್ಳುತ್ತದೆ, ಪಿಸ್ಟನ್ನು ಪ್ಯಾಡನ್ನು ಡಿಸ್ಕಿಗೆ ಒತ್ತುತ್ತದೆ. ಕೆಸರು, ಮರಳು ಸೇರಿದರೆ ಪದರ ಬೇಗ ಸವೆಯುವುದು. ಆದುದರಿಂದ ನಾಟಿ ಮುಗಿದ ಮೇಲೆ ಒಮ್ಮೆ ಬ್ಯಾಟರಿ ಬಿಟ್ಟು ನೋಡಿ. ಪದರ 2 ಮಿಲಿಮೀಟರಿಗೆ ಇಳಿದಿದ್ದರೆ, ಅಥವಾ ಅದರಲ್ಲಿ ಕೊರೆದ ಗೆರೆ ಮಾಯವಾಗಿದ್ದರೆ ಬದಲಿಸತಕ್ಕದ್ದು. ಕರಕರ ಸದ್ದಿಗೆ ಕಾಯುತ್ತ ಕುಳಿತರೆ ತಗಡು ಡಿಸ್ಕನ್ನು ಕೆರೆಯುತ್ತದೆ; ಆಗ ಪ್ಯಾಡಿಗಿಂತ ಹಲವು ಪಟ್ಟು ಬೆಲೆಯ ಡಿಸ್ಕನ್ನೂ ಕೊಳ್ಳಬೇಕು. ಗಾಡಿಯ ಮಾದರಿ ಹೇಳಿ ಜೋಡಿ ಪ್ಯಾಡನ್ನೇ ತನ್ನಿ.

ಎಂಜಿನ್ ಆರಿಸಿ, ಗಾಡಿ ತಣ್ಣಗಾದ ಮೇಲೆ ಗಟ್ಟಿ ನೆಲದಲ್ಲಿ ಡಬಲ್ ಸ್ಟ್ಯಾಂಡ್ ಹಾಕಿ. ಕ್ಯಾಲಿಪರನ್ನು ಬಿಚ್ಚುವ ಮೊದಲೇ ಪ್ಯಾಡಿನ ಪಿನ್ನನ್ನು ಸ್ವಲ್ಪ ಸಡಿಲಿಸಿಕೊಳ್ಳಿ. ಆಮೇಲೆ ಅದು ಕೈಯಲ್ಲಿ ತಿರುಗಾಡಿ ಬಹಳ ಸತಾಯಿಸುತ್ತದೆ. ಬಳಿಕ ಫೋರ್ಕಿನ ಎರಡು ಬೋಲ್ಟು ತೆಗೆದು ಕ್ಯಾಲಿಪರನ್ನು ಹೊರಗೆಳೆಯಿರಿ. ಅದನ್ನು ಪೈಪಿನಲ್ಲಿ ಜೋತುಬಿಡದೆ ಹಗ್ಗದಿಂದ ಕಟ್ಟಿ. ಎಬಿಎಸ್ ಗಾಡಿಯಾದರೆ ಪಕ್ಕದ ತಂತಿಯನ್ನು ಎಳೆಯಬೇಡಿ. ಕ್ಯಾಲಿಪರ್ ಹೊರಗಿರುವಾಗ ಯಾರೂ ಹಿಡಿಯನ್ನು ಮುಟ್ಟಬಾರದು, ಪಿಸ್ಟನ್ನು ಹೊರಕ್ಕೆ ಬಂದುಬಿಡುವುದು. ಎರಡು ಬ್ರೇಕೂ ಕೂಡಿ ಹಿಡಿಯುವ ಗಾಡಿಯಲ್ಲಿ ಕಾಲಿನ ಬ್ರೇಕನ್ನೂ ಮುಟ್ಟಬಾರದು. ಮಕ್ಕಳನ್ನು ದೂರವಿಡಿ.

ಹೊಸ ಪ್ಯಾಡು ದಪ್ಪ. ಅದಕ್ಕೆ ಜಾಗವಾಗಲು ಪಿಸ್ಟನ್ನನ್ನು ಒಳಕ್ಕೆ ತಳ್ಳಬೇಕು. ಹ್ಯಾಂಡಲಿನ ಮೇಲಿರುವ ಆಯಿಲ್ ಡಬ್ಬಿಯ ಮುಚ್ಚಳ ತೆಗೆದು, ಸುತ್ತ ಬಟ್ಟೆ ಸುತ್ತಿ, ಹಳೆಯ ಪ್ಯಾಡಿನ ಮೇಲೆ ಮರದ ಚಪ್ಪಟೆ ತುಂಡಿಟ್ಟು ನಿಧಾನವಾಗಿ ಒತ್ತಿ. ಆಯಿಲ್ ಮೇಲೇರುತ್ತದೆ, ಬಣ್ಣದ ಮೇಲೆ ಚೆಲ್ಲಿದರೆ ಬಣ್ಣ ಕೀಳುವುದು, ಕೂಡಲೆ ನೀರು ಹಾಕಿ ತೊಳೆಯಿರಿ. ಪಿಸ್ಟನ್ನು ಒಳಹೋಗದಿದ್ದರೆ ಅಥವಾ ಆಯಿಲ್ ಸೋರುತ್ತಿದ್ದರೆ ಹಟ ಮಾಡಬೇಡಿ, ಮೆಕ್ಯಾನಿಕ್ಕನ್ನು ಕರೆಯಿರಿ. ಇನ್ನು ಪಿನ್ನು ಬಿಚ್ಚಿ ಹಳೆಯವನ್ನು ತೆಗೆದು, ಸಾಬೂನು ನೀರಿನಿಂದ ಹಳೆಯ ಹಲ್ಲುಜ್ಜುವ ಬ್ರಷ್ಷಿನಲ್ಲಿ ಉಜ್ಜಿ. ಸೀಮೆಎಣ್ಣೆ, ಪೆಟ್ರೋಲು ಬೇಡ, ರಬ್ಬರು ಕೆಡುತ್ತದೆ. ಧೂಳನ್ನು ಬಾಯಿಂದ ಊದಬೇಡಿ. ಉಜ್ಜುವ ಮುಖ ಡಿಸ್ಕಿನ ಕಡೆಗಿರುವಂತೆ ಹೊಸದನ್ನು ಕೂರಿಸಿ. ಜಿಡ್ಡಿನ ಕೈ ಆ ಮುಖಕ್ಕೆ ತಗಲಬಾರದು. ಕ್ಯಾಲಿಪರನ್ನು ಮತ್ತೆ ಕೂರಿಸಿ, ಬೋಲ್ಟು ಪಿನ್ನುಗಳನ್ನು ಭದ್ರಪಡಿಸಿ, ಡಬ್ಬಿಯ ಮುಚ್ಚಳ ಹಾಕಿ.

ಇಷ್ಟಾದ ಮೇಲೆ ಕೆಲಸ ಮುಗಿಯಿತೆಂದು ನಾನೂ ಒಮ್ಮೆ ತಿಳಿದಿದ್ದೆ. ಗಾಡಿ ಹತ್ತಿ ಅಂಗಳದ ಇಳಿಜಾರಿನಲ್ಲಿ ಹಿಡಿಯನ್ನು ಒತ್ತಿದರೆ ಅದು ಬೆಣ್ಣೆಯಂತೆ ಒಳಹೋಯಿತು, ಚಕ್ರ ನಿಲ್ಲಲಿಲ್ಲ. ಗೊಬ್ಬರದ ಗುಂಡಿ ಹೇಗಿರಬೇಕೆಂದು ನಿಮಗೆ ಊರೂರಲ್ಲಿ ಹೇಳುವವನು ಅದರೊಳಗೇ ಬಿದ್ದೆ. ಒಳಕ್ಕೆ ತಳ್ಳಿದ ಪಿಸ್ಟನ್ನು ಮತ್ತೆ ಪ್ಯಾಡಿನವರೆಗೆ ಬರಲು ಹಿಡಿಯನ್ನು ಹಲವು ಸಲ ಒತ್ತಬೇಕು; ಅಲ್ಲಿಯವರೆಗೆ ಬ್ರೇಕೇ ಇಲ್ಲ. ಗುಂಡಿಯ ಬದಲು ಕೆರೆ ಏರಿಯಾಗಿದ್ದರೆ ಈ ಲೇಖನ ಬರೆಯಲು ನಾನಿರುತ್ತಿರಲಿಲ್ಲ. ಆದ್ದರಿಂದ ನಿಂತ ಗಾಡಿಯಲ್ಲೇ ಹಿಡಿ ಗಟ್ಟಿಯಾಗುವತನಕ ಒತ್ತಿ. ಎಷ್ಟು ಒತ್ತಿದರೂ ಮೆತ್ತಗಿದ್ದರೆ ಒಳಗೆ ಗಾಳಿ ಸೇರಿದೆ, ಹತ್ತಬೇಡಿ. ಡಬ್ಬಿಯ ಆಯಿಲ್ ಎರಡು ಗೆರೆಗಳ ನಡುವೆ ಇದೆಯೇ ನೋಡಿ. ಕಡಿಮೆಯಿದ್ದರೆ ಮುಚ್ಚಳದ ಮೇಲೆ ಬರೆದಿರುವ ಡಾಟ್ 3 ಅಥವಾ ಡಾಟ್ 4 ಆಯಿಲನ್ನೇ ಹಾಕಿ, ಎಂಜಿನ್ ಆಯಿಲ್ ಎಂದೂ ಬೇಡ. ಆಮೇಲೆ ಗಾಡಿಯನ್ನು ತಳ್ಳಿಕೊಂಡು ಹೋಗಿ ಬ್ರೇಕು ಹಿಡಿದು ನೋಡಿ, ಅನಂತರ ಮೆಲ್ಲಗೆ ಓಡಿಸಿ. ಹೊಸ ಪ್ಯಾಡು ಡಿಸ್ಕಿಗೆ ಒಗ್ಗುವವರೆಗೆ ಹಿಡಿತ ಕಡಿಮೆ. ಕೆಲವು ದಿನ ಹೊರೆ ಹೇರಬೇಡಿ.

ಹಳೆಯ ಎರಡು ಪ್ಯಾಡುಗಳನ್ನು ಎಸೆಯುವ ಮುಂಚೆ ಪಕ್ಕಪಕ್ಕ ಇಟ್ಟು ನೋಡಿ. ಒಂದು ಬಹಳ ಸವೆದು ಇನ್ನೊಂದು ದಪ್ಪವಿದ್ದರೆ, ಕ್ಯಾಲಿಪರು ಜಾರುವ ಪಿನ್ನು ಕೆಸರು ಕಟ್ಟಿ ಬಿಗಿದಿರುವ ಸಂಭವ ಹೆಚ್ಚು. ಮೆಕ್ಯಾನಿಕ್ಕಿಗೆ ತೋರಿಸಿ ಅದನ್ನು ಬಿಡಿಸಿಕೊಳ್ಳಿ, ಇಲ್ಲದಿದ್ದರೆ ಹೊಸ ಜೋಡಿಯೂ ಹಾಗೆಯೇ ಸವೆಯುತ್ತದೆ.