ಮಸ್ಕತ್‌ನ ಚಳಿಗಾಲ ಯಾರ ಪಾಲಿಗೆ?

2018ರ ಜೂನ್ 26ರಂದು ಒಮಾನ್‌ನ ಕುರಿಯಾತ್ ಪಟ್ಟಣದಲ್ಲಿ ದಾಖಲಾದ ಕನಿಷ್ಠ ಉಷ್ಣಾಂಶ 42.6 ಡಿಗ್ರಿ ಸೆಲ್ಸಿಯಸ್. ಕಲಬುರಗಿ, ರಾಯಚೂರಿನವರು ಮೇ ತಿಂಗಳ ನಡುಮಧ್ಯಾಹ್ನ ಅನುಭವಿಸುವ ಬಿಸಿಲು ಅಲ್ಲಿ ಕೋಳಿ ಕೂಗುವ ಹೊತ್ತಿನ ತಂಪು! ಅಲ್ಲಿಯವರೆಗೆ ಜಗತ್ತಿನಲ್ಲೆಲ್ಲೂ ಇಷ್ಟು ಬಿಸಿಯಾದ ‘ಕನಿಷ್ಠ’ ದಾಖಲಾಗಿರಲಿಲ್ಲ. ಮಸ್ಕತ್‌ನಿಂದ ಕಾರಿನಲ್ಲಿ ಸುಮಾರು ಒಂದು ಗಂಟೆಯ ದಾರಿ ಈ ಕುರಿಯಾತ್.

ಇಂಥ ದೇಶದಲ್ಲಿ ಬಾಸ್ಕೆಟ್‌ಬಾಲ್ ಲೀಗನ್ನು ಯಾವ ತಿಂಗಳಲ್ಲಿ ಆಡಿಸಬೇಕು ಎಂದು ಯಾರನ್ನಾದರೂ ಕೇಳಿ ನೋಡಿ. ‘ಇದೂ ಒಂದು ಪ್ರಶ್ನೆಯೇ? ಚಳಿಗಾಲದಲ್ಲಿ’ ಎನ್ನುತ್ತಾರೆ. ನನಗೆ ಆ ಉತ್ತರ ಅಷ್ಟು ಸಲೀಸು ಅನ್ನಿಸುವುದಿಲ್ಲ. ಯಾಕೆಂದರೆ ಇದು ಸೂರಿನಡಿಯ ಆಟ. ಹುಟ್ಟಿದ್ದೇ ಹಾಗೆ. 1891ರ ಡಿಸೆಂಬರ್‌ನಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಹಿಮ ಬಿದ್ದು ಹೊರಗೆ ಆಡುವಂತಿರಲಿಲ್ಲ. ವ್ಯಾಯಾಮದ ಮೇಷ್ಟ್ರು ಜೇಮ್ಸ್ ನೈಸ್ಮಿತ್ ಹಾಲ್‌ನೊಳಗೆ ಪೀಚ್ ಹಣ್ಣಿನ ಬುಟ್ಟಿಗಳನ್ನು ಹತ್ತು ಅಡಿ ಎತ್ತರಕ್ಕೆ ಕಟ್ಟಿ, ತಲಾ ಒಂಬತ್ತು ಹುಡುಗರ ಎರಡು ತಂಡ ಮಾಡಿ ಆಡಿಸಿದರು. ಆ ಹತ್ತು ಅಡಿ ಇವತ್ತಿಗೂ ಬದಲಾಗಿಲ್ಲ. ಹೊರಗಿನ ಹವೆ ಕೈಕೊಟ್ಟಾಗ ಒಳಗೆ ಆಡಲೆಂದೇ ಕಟ್ಟಿದ ಆಟ ಇದು. ಒಮಾನ್‌ನಲ್ಲಿ ಹೊರಗಿನ ಹವೆ ಕೈಕೊಡುವುದು ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ.

ಮೊದಲು ಮೈಯ ಲೆಕ್ಕ ನೋಡೋಣ. ನಮ್ಮ ಸ್ನಾಯುಗಳು ಸುಡುವ ಇಂಧನದಲ್ಲಿ ಕಾಲುಭಾಗವೂ ಓಟ-ಜಿಗಿತಕ್ಕೆ ಸಿಗುವುದಿಲ್ಲ. ಉಳಿದದ್ದೆಲ್ಲ ಶಾಖ. ಸುಮ್ಮನೆ ಕೂತ ಮನುಷ್ಯ ಸುಮಾರು 100 ವಾಟ್ ಶಾಖ ಹೊರಹಾಕಿದರೆ, ಅಂಗಳದ ಈ ತುದಿಯಿಂದ ಆ ತುದಿಗೆ ಓಡುತ್ತಿರುವ ಆಟಗಾರ ಅದರ ಏಳೆಂಟು ಪಟ್ಟು ಹಾಕುತ್ತಾನೆ. ಸುತ್ತಲಿನ ಗಾಳಿ ಚರ್ಮಕ್ಕಿಂತ ಬಿಸಿಯಾಗಿದ್ದರೆ ಈ ಶಾಖಕ್ಕೆ ಹೊರಬೀಳಲು ಇರುವುದು ಒಂದೇ ದಾರಿ, ಬೆವರು. ಒಂದು ಲೀಟರ್ ಬೆವರು ಪೂರ್ತಿ ಆವಿಯಾದರೆ ಸುಮಾರು 580 ಕಿಲೊಕ್ಯಾಲರಿ ಶಾಖವನ್ನು ಹೊತ್ತೊಯ್ಯುತ್ತದೆ. ಆವಿಯಾಗಬೇಕು ಅಷ್ಟೇ. ತೊಟ್ಟಿಕ್ಕಿ ನೆಲಕ್ಕೆ ಬಿದ್ದ ಬೆವರಿನಿಂದ ಮೈಗೆ ಚೂರೂ ತಂಪಿಲ್ಲ, ನೀರು-ಉಪ್ಪು ಹೋದದ್ದೇ ಬಂತು. ಮಣ್ಣಿನ ಹೂಜಿಯ ನೀರು ವಿಜಯಪುರದ ಬೇಸಿಗೆಯಲ್ಲಿ ತಣ್ಣಗಾಗಿ, ಮಂಗಳೂರಿನ ಆಷಾಢದಲ್ಲಿ ಹಾಗೇ ಉಳಿಯುವುದೂ ಇದೇ ಕಾರಣಕ್ಕೆ.

ಹಾಗಾಗಿ ಒಮಾನ್‌ನ ಸೆಕೆಯಲ್ಲಿ ಎರಡು ಜಾತಿ. ಹಜರ್ ಬೆಟ್ಟಗಳಿಂದ ಇಳಿದು ಬರುವ ಪಡುವಣ ಗಾಳಿ ಇಳಿಯುತ್ತಾ ಒತ್ತಡಕ್ಕೆ ಸಿಕ್ಕಿ ಇನ್ನಷ್ಟು ಕಾಯುತ್ತದೆ, ಒಣಗುತ್ತದೆ. ಆಗ 45 ಡಿಗ್ರಿ ಇದ್ದರೂ ಗಾಳಿಯ ತೇವಾಂಶ ಶೇ. 15ರ ಆಸುಪಾಸು. ಗಾಳಿ ದಿಕ್ಕು ಬದಲಿಸಿ ಕಡಲಿನಿಂದ ಬೀಸಿದರೆ ಉಷ್ಣಾಂಶ 35ಕ್ಕೆ ಇಳಿದು ತೇವಾಂಶ ಶೇ. 75ಕ್ಕೆ ಏರುತ್ತದೆ. ಬೇಸಿಗೆಯಲ್ಲಿ ಅಲ್ಲಿನ ಕಡಲಿನ ಮೇಲ್ಮೈ ನೀರೇ 30 ಡಿಗ್ರಿ ದಾಟಿರುತ್ತದೆ, ತೇವಕ್ಕೇನು ಬರ. ಥರ್ಮಾಮೀಟರ್ ಬುಡಕ್ಕೆ ಒದ್ದೆ ಬಟ್ಟೆ ಸುತ್ತಿ ಗಾಳಿಗೆ ಹಿಡಿದಾಗ ಕಾಣುವುದು ‘ಒದ್ದೆ ಬಲ್ಬ್’ ಉಷ್ಣಾಂಶ, ಅಂದರೆ ಬೆವರು ಮೈಯನ್ನು ಎಲ್ಲಿಯವರೆಗೆ ತಣಿಸಬಲ್ಲದೆಂಬ ಮಿತಿ. ಮೊದಲನೆಯ ಮಧ್ಯಾಹ್ನದಲ್ಲಿ ಅದು ಸುಮಾರು 24 ಡಿಗ್ರಿ, ಎರಡನೆಯ ಸಂಜೆಯಲ್ಲಿ ಸುಮಾರು 31. ನೆರಳಿನಲ್ಲಿ ಆಡುವುದಾದರೆ 45 ಡಿಗ್ರಿಯ ಮಧ್ಯಾಹ್ನಕ್ಕಿಂತ 35 ಡಿಗ್ರಿಯ ಸಂಜೆ ಹೆಚ್ಚು ಅಪಾಯ. ಒದ್ದೆ ಬಲ್ಬ್ 35 ಮುಟ್ಟಿದರೆ ಮನುಷ್ಯ ಬದುಕುವುದೇ ಕಷ್ಟ ಎಂದು 2010ರಲ್ಲಿ ಶೆರ್‌ವುಡ್ ಮತ್ತು ಹ್ಯೂಬರ್ ಲೆಕ್ಕ ಹಾಕಿದ್ದರು. ಆಮೇಲೆ ಅಮೆರಿಕದ ಪೆನ್ ಸ್ಟೇಟ್ ವಿಶ್ವವಿದ್ಯಾಲಯದವರು ಆರೋಗ್ಯವಂತ ಯುವಕ ಯುವತಿಯರನ್ನು ಕೋಣೆಯೊಳಗೆ ಹಗುರ ಕೆಲಸಕ್ಕೆ ಹಚ್ಚಿ ನೋಡಿದರೆ, ತೇವದ ಸೆಕೆಯಲ್ಲಿ 30-31ಕ್ಕೇ ಮೈ ತನ್ನ ಉಷ್ಣಾಂಶವನ್ನು ಹಿಡಿದಿಡಲಾರದೆ ಸೋತಿತು. ಅದು ನಿಧಾನವಾಗಿ ನಡೆದಾಡುವಷ್ಟು ಕೆಲಸ. ಬಾಸ್ಕೆಟ್‌ಬಾಲ್ ಅಲ್ಲ.

ಒಮಾನ್‌ನ ಕಾನೂನು ಜೂನ್‌ನಿಂದ ಆಗಸ್ಟ್‌ವರೆಗೆ ಮಧ್ಯಾಹ್ನ 12.30ರಿಂದ 3.30ರವರೆಗೆ ಬಯಲಿನ ಕೆಲಸಗಳಿಗೆ ವಿರಾಮ ಕಡ್ಡಾಯ ಮಾಡಿದೆ. ಬಿಸಿಲಿನ ಮಟ್ಟಿಗೆ ಒಳ್ಳೆಯ ಕಾನೂನು. ಆಟದ ಅಂಗಳಕ್ಕೆ ಗಡಿಯಾರ ಸಾಲದು. ಅದಕ್ಕೆ ಬೇಕಾದದ್ದು ಡಬ್ಲ್ಯುಬಿಜಿಟಿ ಎಂಬ ಸೂಚ್ಯಂಕ. 1950ರ ದಶಕದಲ್ಲಿ ಅಮೆರಿಕದ ಮರೀನ್ ಪಡೆಯ ತರಬೇತಿ ಶಿಬಿರಗಳಲ್ಲಿ ಹುಡುಗರು ಸೆಕೆಗೆ ಕುಸಿದು ಬೀಳುತ್ತಿದ್ದಾಗ ರೂಪಿಸಿದ್ದು. ಇದರಲ್ಲಿ ಒದ್ದೆ ಬಲ್ಬ್‌ಗೆ ಶೇ. 70ರ ತೂಕ. ಮಿಕ್ಕದ್ದು ಕಪ್ಪು ಗೋಳವೊಂದು ಹೀರುವ ವಿಕಿರಣಕ್ಕೂ ಗಾಳಿಯ ಬಿಸಿಗೂ. ಈ ಅಂಕಿ 32 ದಾಟಿದರೆ ಆಟ ನಿಲ್ಲಿಸಿ ನೀರು ಕುಡಿಸಬೇಕೆಂದು ಫುಟ್‌ಬಾಲ್‌ನವರು ನಿಯಮ ಮಾಡಿಕೊಂಡಿದ್ದಾರೆ. ನಾನು ಮೇಲೆ ಹೇಳಿದ ಕಡಲಗಾಳಿಯ ಸಂಜೆ, ಸೂರ್ಯ ಮುಳುಗಿದ ಮೇಲೂ, 32ರ ಮೇಲಿರುತ್ತದೆ. ಮಸ್ಕತ್‌ನ ರೂವಿಯಂಥ ಕಣಿವೆಗಳಲ್ಲಿ ಇನ್ನೂ ಒಂದು ಉಪದ್ರವ. ಸುತ್ತಲಿನ ಬೆಟ್ಟಗಳು ಒಂದು ಕಾಲದಲ್ಲಿ ಸಮುದ್ರತಳವಾಗಿದ್ದ ಕಪ್ಪು ಬಂಡೆಗಳು. ಹಗಲಿಡೀ ಹೀರಿದ ಬಿಸಿಲನ್ನು ಅವು ರಾತ್ರಿ ಹತ್ತಕ್ಕೂ ಉಗುಳುತ್ತಿರುತ್ತವೆ.

ಹವಾನಿಯಂತ್ರಿತ ಹಾಲ್ ಇದ್ದರೆ ಇದಾವುದೂ ಆಟಗಾರನನ್ನು ತಾಕುವುದಿಲ್ಲ. ನೆರೆಯ ಕತಾರ್ ನೋಡಿ. 2022ರ ಫುಟ್‌ಬಾಲ್ ವಿಶ್ವಕಪ್ಪನ್ನು ನವೆಂಬರ್-ಡಿಸೆಂಬರ್‌ಗೆ ಒಯ್ಯದೆ ಗತ್ಯಂತರವಿರಲಿಲ್ಲ. 2019ರ ಸೆಪ್ಟೆಂಬರ್‌ನಲ್ಲಿ ದೋಹಾದಲ್ಲಿ ಮಧ್ಯರಾತ್ರಿಗೆ ಇಟ್ಟ ಮಹಿಳೆಯರ ವಿಶ್ವ ಮ್ಯಾರಥಾನ್‌ನಲ್ಲಿ ಹೊರಟ 68 ಮಂದಿಯಲ್ಲಿ 28 ಮಂದಿ ಗುರಿ ಮುಟ್ಟಲಿಲ್ಲ. ಅದೇ ದೋಹಾದಲ್ಲಿ 2027ರ ಬಾಸ್ಕೆಟ್‌ಬಾಲ್ ವಿಶ್ವಕಪ್ ಗೊತ್ತಾಗಿರುವುದು ಆಗಸ್ಟ್ 27ರಿಂದ ಸೆಪ್ಟೆಂಬರ್ 12ರವರೆಗೆ. ಯಾರೂ ಹುಬ್ಬೇರಿಸಲಿಲ್ಲ.

ಆದರೆ ಎ.ಸಿ. ಯಂತ್ರ ನಿಂತರೆ? 2014ರ ಜೂನ್ 5ರಂದು ಅಮೆರಿಕದ ಸ್ಯಾನ್ ಆಂಟೋನಿಯೊದಲ್ಲಿ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ ಫೈನಲ್ಸ್‌ನ ಮೊದಲ ಪಂದ್ಯದ ದಿನ ಹಾಲ್‌ನ ಎ.ಸಿ. ಕೆಟ್ಟಿತು. ಒಳಗಿನ ಉಷ್ಣಾಂಶ 32 ಡಿಗ್ರಿಯ ಹತ್ತಿರಕ್ಕೆ ಹೋಯಿತು. ಪ್ರೇಕ್ಷಕರು ಕೈಗೆ ಸಿಕ್ಕ ಕಾಗದದಲ್ಲಿ ಗಾಳಿ ಬೀಸಿಕೊಂಡರು. ಕೊನೆಯ ಕ್ವಾರ್ಟರ್‌ನಲ್ಲಿ ಮಯಾಮಿ ಹೀಟ್ ತಂಡದ ಲೆಬ್ರಾನ್ ಜೇಮ್ಸ್ ಚೆಂಡನ್ನು ಬುಟ್ಟಿಗೆ ಹಾಕಿದವರು ಅಲ್ಲೇ ನಿಂತುಬಿಟ್ಟರು. ಕಾಲಿನ ಸ್ನಾಯು ಹಿಡಿದುಕೊಂಡಿತ್ತು. ಜೊತೆಗಾರರು ಎತ್ತಿಕೊಂಡು ಹೋಗಿ ಬೆಂಚಿನ ಮೇಲೆ ಕೂರಿಸಿದರು. ಆತಿಥೇಯ ತಂಡ ಸ್ಪರ್ಸ್ 110-95ರಿಂದ ಗೆದ್ದಿತು. ಸ್ನಾಯು ಹಿಡಿಯುವುದು ನೀರು-ಉಪ್ಪಿನ ಕೊರತೆಯಿಂದಲೋ ನರಗಳ ದಣಿವಿನಿಂದಲೋ ಎಂದು ವಿಜ್ಞಾನಿಗಳು ಈಗಲೂ ಜಗಳ ಆಡುತ್ತಾರೆ. ಮೈಗೆ ಸೆಕೆ ಒಗ್ಗಲು ಹತ್ತರಿಂದ ಹದಿನಾಲ್ಕು ದಿನ ಬೇಕೆಂಬುದರಲ್ಲಿ ಮಾತ್ರ ಜಗಳವಿಲ್ಲ. ಒಗ್ಗಿದ ಮೈಯಲ್ಲಿ ರಕ್ತದ ದ್ರವಾಂಶ ಹೆಚ್ಚುತ್ತದೆ, ಬೆವರು ಬೇಗ ಶುರುವಾಗುತ್ತದೆ, ಆ ಬೆವರಿನಲ್ಲಿ ಉಪ್ಪು ಕಡಿಮೆ ಇರುತ್ತದೆ. ಎ.ಸಿ. ಮನೆಯಿಂದ ಎ.ಸಿ. ಕಾರಿಗೆ, ಅಲ್ಲಿಂದ ಎ.ಸಿ. ಹಾಲ್‌ಗೆ ಓಡಾಡುವ ಮಸ್ಕತ್‌ನ ಆಟಗಾರನಿಗೆ, ಮರುಭೂಮಿಯಲ್ಲೇ ಹುಟ್ಟಿದ್ದರೂ, ಈ ಒಗ್ಗುವಿಕೆ ಅಷ್ಟಾಗಿ ಇರುವುದಿಲ್ಲ.

ಹಾಲನ್ನು ತಣ್ಣಗಿಡುವುದೂ ಸಣ್ಣ ಕೆಲಸವಲ್ಲ. ಸಾವಿರ ಪ್ರೇಕ್ಷಕರು ಸುಮ್ಮನೆ ಕೂತರೂ 100 ಕಿಲೊವಾಟ್ ಶಾಖ. ಅದನ್ನು ಹೊರಹಾಕಲಿಕ್ಕೇ ಮನೆಯಲ್ಲಿ ಹಾಕಿಸುವಂಥ ಒಂದೂವರೆ ಟನ್‌ನ ಎ.ಸಿ. ಹತ್ತೊಂಬತ್ತು ಬೇಕು. ಇದಕ್ಕಿಂತ ದೊಡ್ಡ ತಲೆನೋವು ಉಸಿರಾಟಕ್ಕೆ ಒಳತರುವ ಹೊರಗಿನ ಗಾಳಿ. ಜುಲೈನ ಮುಗ್ಗುಲು ಸಂಜೆಯಲ್ಲಿ ಒಂದು ಕಿಲೊ ಗಾಳಿಯಲ್ಲಿ 24 ಗ್ರಾಂ ನೀರಾವಿ ಇರಬಹುದು. ಒಳಗೆ ಹಿತವೆನಿಸಲು 9 ಗ್ರಾಂ ಸಾಕು. ಮಿಕ್ಕ 15 ಗ್ರಾಮನ್ನು ಯಂತ್ರ ಹಿಂಡಿ ತೆಗೆಯಬೇಕು. ತಲೆಗೆ ಸೆಕೆಂಡಿಗೆ 8 ಲೀಟರ್ ಹೊಸ ಗಾಳಿ ಎಂದು ಹಿಡಿದರೂ ಸಾವಿರ ಜನರ ಹಾಲ್‌ನಿಂದ ಗಂಟೆಗೆ ಸುಮಾರು 500 ಲೀಟರ್ ನೀರು ಹೊರಗೆ ಹರಿಯಬೇಕು! ಒಮಾನ್‌ನಲ್ಲಿ ವಿದ್ಯುತ್ ಬೇಡಿಕೆ ಉತ್ತುಂಗಕ್ಕೇರುವುದೂ ಬೇಸಿಗೆಯ ಈ ತಿಂಗಳುಗಳಲ್ಲೇ.

ಮಸ್ಕತ್‌ನಲ್ಲಿ ಕನ್ನಡಕ ಹಾಕುವವರಿಗೆಲ್ಲ ಗೊತ್ತಿರುವ ಸಂಗತಿಯೊಂದಿದೆ. ಜುಲೈಯಲ್ಲಿ ತಣ್ಣನೆಯ ಕಾರಿನಿಂದ ಇಳಿದ ತಕ್ಷಣ ಗಾಜು ಮಂಜಾಗಿ ಏನೂ ಕಾಣುವುದಿಲ್ಲ. ಗಾಳಿಯ ಇಬ್ಬನಿ ಬಿಂದು 28 ಡಿಗ್ರಿ, ಗಾಜು 22 ಡಿಗ್ರಿ, ಹಾಗಾಗಿ ಆವಿ ನೀರಾಗಿ ಕೂರುತ್ತದೆ. ಹಾಲ್‌ನ ಮರದ ನೆಲಕ್ಕೂ ಇದೇ ಪಾಡು ಬರಬಹುದು. ವಿರಾಮದಲ್ಲಿ ಜನ ಚಹಾಕ್ಕೆಂದು ಎದ್ದು ಬಾಗಿಲುಗಳನ್ನೆಲ್ಲ ತೆರೆದಿಟ್ಟರೆ ಸಾಕು, ಪಾಲಿಶ್ ಮಾಡಿದ ತಣ್ಣನೆಯ ನೆಲದ ಮೇಲೆ ಕಣ್ಣಿಗೆ ಕಾಣದ ತೇವದ ಪೊರೆ ಏಳುತ್ತದೆ. ಓಡಿ ಬಂದು ಗಕ್ಕನೆ ನಿಲ್ಲುವ ಆಟದಲ್ಲಿ ಮೊಣಕಾಲಿನ ಕೀಲಿಗೆ ಇದಕ್ಕಿಂತ ದೊಡ್ಡ ವೈರಿ ಬೇಕಿಲ್ಲ. 2012ರ ನವೆಂಬರ್‌ನಲ್ಲಿ ಅಮೆರಿಕದ ಕಾಲೇಜು ತಂಡಗಳನ್ನು ಯುದ್ಧನೌಕೆಗಳ ಮೇಲೆ ಆಡಿಸುವ ಅದ್ಧೂರಿ ಏರ್ಪಾಟು ನಡೆದಿತ್ತು. ಒಂದು ಹಡಗಿನಲ್ಲಿ ಪಂದ್ಯ ಅರ್ಧಕ್ಕೆ ನಿಂತಿತು, ಇನ್ನೊಂದರಲ್ಲಿ ಶುರುವಾಗಲೇ ಇಲ್ಲ. ಎರಡಕ್ಕೂ ಕಾರಣ ನೆಲದ ಮೇಲೆ ಕೂತ ಇಬ್ಬನಿ.

ಇಷ್ಟೆಲ್ಲ ಓದಿದವರು ‘ಹಾಗಾದರೆ ಚಳಿಗಾಲವೇ ಸರಿ ಎಂದಾಯಿತಲ್ಲ’ ಎನ್ನಬಹುದು. ಆಟಗಾರರು ತಯಾರಾಗುವುದು ಎಲ್ಲಿ ಎಂದು ನಾನು ತಿರುಗಿ ಕೇಳುತ್ತೇನೆ. ಹಾಲ್‌ನಲ್ಲಿ ಅಲ್ಲ, ಶಾಲೆಗಳ, ಬಡಾವಣೆಗಳ ಸಿಮೆಂಟ್ ಅಂಗಳಗಳಲ್ಲಿ. ಮಸ್ಕತ್‌ನ ಅಲ್ಘುಬ್ರಾದಲ್ಲೋ ದಾರ್ಸೇಟ್‌ನಲ್ಲೋ ಇರುವ ನಮ್ಮವರ ಮನೆಗಳನ್ನೇ ತೆಗೆದುಕೊಳ್ಳಿ. ಜೂನ್-ಜುಲೈಯಲ್ಲಿ ಭಾರತೀಯ ಶಾಲೆಗಳಿಗೆ ರಜೆ. ಅಮ್ಮ-ಮಕ್ಕಳು ಮಂಗಳೂರಿನ ವಿಮಾನ ಹತ್ತಿರುತ್ತಾರೆ, ಅಪ್ಪ ಅಂಗಡಿಯ ಕುಬ್ಬೂಸ್ ರೊಟ್ಟಿ ತಂದು ತಿನ್ನುತ್ತಿರುತ್ತಾನೆ. ಆಗಸ್ಟ್‌ನಲ್ಲಿ ಮರಳಿದ ಹುಡುಗರು ಸಂಜೆ ಚೆಂಡು ಹಿಡಿದು ಕೆಳಗಿಳಿದರೆ ಹತ್ತು ನಿಮಿಷಕ್ಕೆ ಅಂಗಿ ಮೈಗಂಟಿ ಮೇಲೆ ಬರುತ್ತಾರೆ. ಮಕ್ಕಳು ಬೆವರುವುದು ದೊಡ್ಡವರಿಗಿಂತ ಕಡಿಮೆ, ಆಟದ ಗುಂಗಿನಲ್ಲಿ ತಾವಾಗಿ ನಿಲ್ಲಿಸುವುದು ಇನ್ನೂ ಕಡಿಮೆ. ಅವರಿಗೆ ಬಯಲು ಸಿಗುವುದು ನವೆಂಬರ್‌ನಿಂದ ಮಾರ್ಚ್‌ವರೆಗೆ. ಜನವರಿಯ ಮಸ್ಕತ್‌ನಲ್ಲಿ ಹಗಲು 25 ಡಿಗ್ರಿ, ರಾತ್ರಿ 17-18. ಅಲ್ಲಿನ ಮಟ್ಟಿಗೆ ಅದೇ ಸ್ವರ್ಗ.

ಆ ಐದು ತಿಂಗಳಿಗೆ ಬೇಡಿಕೆದಾರರು ಬಹಳ. ಫುಟ್‌ಬಾಲ್ ಇದೆ, 2010ರಿಂದ ಫೆಬ್ರವರಿಯಲ್ಲಿ ನಡೆಯುವ ‘ಟೂರ್ ಆಫ್ ಒಮಾನ್’ ಸೈಕಲ್ ರೇಸ್ ಇದೆ, ಕ್ರಿಕೆಟ್ ಇದೆ. ಗುರುವಾರ ಸಂಜೆ ಟೆಂಟು-ಕಬಾಬು ಕಟ್ಟಿಕೊಂಡು ‘ವಾದಿ’ ಎನ್ನುವ ಕಣಿವೆಗಳಿಗೆ, ಮರಳುಗುಡ್ಡಗಳಿಗೆ ಹೊರಡುವ ಇಡೀ ಊರೇ ಇದೆ. ಆಸ್ಟ್ರೇಲಿಯಾದ ಬಾಸ್ಕೆಟ್‌ಬಾಲ್ ಲೀಗ್ 1979ರಲ್ಲಿ ಶುರುವಾದಾಗ ಅಲ್ಲಿನ ಚಳಿಗಾಲದಲ್ಲೇ ನಡೆಯುತ್ತಿತ್ತು. ಆ ಋತು ಅಲ್ಲಿ ಫುಟ್‌ಬಾಲ್ ಮತ್ತು ರಗ್ಬಿಯ ಜಹಗೀರು. ಅವುಗಳ ನೆರಳಿನಿಂದ ಹೊರಬರಲು 1998-99ರಲ್ಲಿ ಲೀಗ್ ತಾನೇ ಎದ್ದು ಬೇಸಿಗೆಗೆ ಹೋಯಿತು. ಹವೆಯ ಕಾರಣ ಅದರಲ್ಲಿ ಏನೂ ಇರಲಿಲ್ಲ. ಸೂರಿರುವ ಆಟ ಸೂರಿಲ್ಲದ ಆಟಗಳಿಗೆ ಜಾಗ ಬಿಟ್ಟುಕೊಟ್ಟಂತಾಯಿತು, ತನಗೂ ಜಾಗ ಮಾಡಿಕೊಂಡಿತು.

ಒಮಾನ್‌ಗೂ ನಾನು ಹೇಳುವುದು ಹೆಚ್ಚುಕಡಿಮೆ ಇದನ್ನೇ. ಚಳಿಗಾಲದ ಸಂಜೆಗಳನ್ನು ಮಕ್ಕಳ ಮತ್ತು ಶಾಲೆಗಳ ಬಯಲು ಪಂದ್ಯಗಳಿಗೆ ಬಿಡಬೇಕು. ತರಬೇತುದಾರರು, ತೀರ್ಪುಗಾರರು ಆಗ ಅಲ್ಲಿರಬೇಕು. ದೊಡ್ಡವರ ಲೀಗ್ ಬಿಸಿಲಿನ ಎರಡು ಅಂಚುಗಳಲ್ಲಿ ನಡೆಯಲಿ. ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಒಂದಷ್ಟು, ಏಪ್ರಿಲ್-ಮೇಯಲ್ಲಿ ಒಂದಷ್ಟು. ಹೊರಗೆ ಆಡುವುದು ಕಷ್ಟವಾದ, ಆದರೆ ಹಾಲ್ ತಣಿಸಲು ಜುಲೈನಷ್ಟು ಕರೆಂಟು ಬೇಡದ ತಿಂಗಳುಗಳು ಅವು. ಜನರೂ ಊರಲ್ಲಿರುತ್ತಾರೆ.

ಚಳಿಗಾಲದ ಪರ ವಾದಿಸುವವರು ಮರೆಯುವ ಇನ್ನೊಂದು ಸಂಗತಿ ರಂಜಾನ್. ಚಾಂದ್ರಮಾನ ವರ್ಷದಲ್ಲಿ 354 ದಿನ, ಹಾಗಾಗಿ ಉಪವಾಸದ ತಿಂಗಳು ವರ್ಷವರ್ಷ ಹತ್ತು-ಹನ್ನೊಂದು ದಿನ ಹಿಂದೆ ಸರಿಯುತ್ತದೆ, ಸುಮಾರು 33 ವರ್ಷಕ್ಕೆ ಒಂದು ಸುತ್ತು. 2015ರ ಆಸುಪಾಸಿನಲ್ಲಿ ಅದು ನಡುಬೇಸಿಗೆಯಲ್ಲಿತ್ತು. 2026ರಲ್ಲಿ ಫೆಬ್ರವರಿಗೆ ಬಂದಿದೆ. 2030ರಲ್ಲಿ ಜನವರಿಯಲ್ಲೊಮ್ಮೆ, ಡಿಸೆಂಬರ್ ಕೊನೆಗೆ ಇನ್ನೊಮ್ಮೆ ಶುರುವಾಗುತ್ತದೆ. ಅಂದರೆ ಇನ್ನು ಕೆಲವು ವರ್ಷ ಚಳಿಗಾಲದ ಲೀಗ್‌ನ ನಟ್ಟನಡುವೆ ಒಂದು ತಿಂಗಳು ಹಗಲಿಡೀ ನೀರು ಮುಟ್ಟದ ಆಟಗಾರರು. ಪಂದ್ಯಗಳನ್ನು ರಾತ್ರಿ ಹತ್ತಕ್ಕೆ ತಳ್ಳಬಹುದು, ಹಾಗೆ ಮಾಡುವುದು ಕೊಲ್ಲಿಯಲ್ಲಿ ಹೊಸದೇನಲ್ಲ. ನಿದ್ದೆಯ ಲೆಕ್ಕ ಕೆಡುತ್ತದೆ ಅಷ್ಟೇ.

ಬೇಸಿಗೆಯಲ್ಲೇ ಆಡಿಸಬೇಕೆಂದರೆ ಒಮಾನ್‌ನ ದಕ್ಷಿಣದ ದೋಫಾರ್ ಪ್ರಾಂತ್ಯದಲ್ಲಿ ಸಲಾಲಾ ಇದೆ. ಜೂನ್ ಕೊನೆಯಿಂದ ಸೆಪ್ಟೆಂಬರ್‌ವರೆಗೆ ನಮ್ಮ ಮುಂಗಾರಿನದೇ ಗಾಳಿ ದೋಫಾರ್ ಕರಾವಳಿಯನ್ನು ಸವರಿಕೊಂಡು ಬೀಸುತ್ತದೆ. ದಡದ ಬಳಿಯ ನೀರನ್ನು ಹೊರಕ್ಕೆ ತಳ್ಳಿ ಆಳದ ತಣ್ಣೀರನ್ನು ಮೇಲೆತ್ತುತ್ತದೆ. ಅದರ ಮೇಲೆ ಹಾದ ಗಾಳಿ ಮಂಜಾಗಿ, ಜಿನುಗು ಮಳೆಯಾಗಿ ಬೆಟ್ಟಗಳನ್ನು ಹಸಿರು ಮಾಡುತ್ತದೆ. ಖರೀಫ್ ಎಂದು ಕರೆಯುವ ಈ ಕಾಲದಲ್ಲಿ ಮಸ್ಕತ್ ಬೇಯುತ್ತಿದ್ದರೆ ಸಲಾಲಾದಲ್ಲಿ ಸುಮಾರು 25 ಡಿಗ್ರಿ. ಆಗುಂಬೆಯ ಕಡೆಯವರು ಹೋದರೆ ಊರಿಗೇ ಬಂದೆವೋ ಎಂದುಕೊಳ್ಳಬೇಕು. ಫೈನಲ್ ಪಂದ್ಯಗಳನ್ನು ಒಂದು ವಾರ ಅಲ್ಲಿ ಆಡಿಸಿದರೆ ಮೈಗೆ ಯಾವ ಅಪಾಯವೂ ಇಲ್ಲ. ಆದರೆ ತೇವಾಂಶ ಶೇ. 90 ದಾಟಿರುತ್ತದೆ, ಮರದ ನೆಲ ಒದ್ದೆಯಾಗುವ ಕಾಟ ಅಲ್ಲೂ ತಪ್ಪದು. ನೆಲ ಒರೆಸಲು ಇಬ್ಬರ ಬದಲು ನಾಲ್ವರನ್ನು ನಿಲ್ಲಿಸಬೇಕು. ಹೋಟೆಲ್ ರೂಮುಗಳನ್ನಂತೂ ಕೊಲ್ಲಿಯ ಪ್ರವಾಸಿಗಳೆಲ್ಲ ಮುಗಿಬೀಳುವ ಮೊದಲೇ ಹಿಡಿದಿಟ್ಟುಕೊಳ್ಳಬೇಕು.