ಮೂವತ್ತಾರು ಸರಿ ಉತ್ತರ

2025ರ ಜೂನ್ ಮಧ್ಯದಲ್ಲಿ ನೀಟ್ ಫಲಿತಾಂಶ ಬಂದ ಎರಡನೇ ದಿನ, ನಮ್ಮ ಕಾಲೇಜಿನ ಸ್ಟಾಫ್ ರೂಮಿಗೆ ಒಬ್ಬ ರೈತರು ಬಂದರು. ಕೈಯಲ್ಲಿ ಎರಡು ಹಾಳೆ ಇದ್ದವು. ಒಂದು ಮಗನ ಅಂಕಪಟ್ಟಿ. ಇನ್ನೊಂದು, ಏಜೆಂಟನೊಬ್ಬ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ ಪತ್ರ. ಅದನ್ನು ಅವರು ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿಕೊಂಡು ಬಂದಿದ್ದರು.

‘ಸರ್ರ, ಹುಡುಗ ನೀಟ್ ಪಾಸಾಗ್ಯಾನ್ರಿ. ಕಿರ್ಗಿಸ್ತಾನದಾಗ ಡಾಕ್ಟರ್ ಸೀಟ್ ಐತಂತ. ಮೂರ್ ದಿನದಾಗ ಒಂದ್ ಲಕ್ಷ ಕಟ್ಟಬೇಕಂತ್ರಿ. ಏನ್ ಮಾಡೂಣು?’

ಹುಡುಗನಿಗೆ 720ಕ್ಕೆ 148 ಬಂದಿತ್ತು. ಆ ವರ್ಷ ಸಾಮಾನ್ಯ ವರ್ಗಕ್ಕೆ ಅರ್ಹತೆಯ ಗೆರೆ 144. ಅಂದರೆ ಏಜೆಂಟ್ ಸುಳ್ಳು ಹೇಳಿರಲಿಲ್ಲ, ಹುಡುಗ ಅರ್ಹನೇ. ಈ ‘ಅರ್ಹ’ ಎಂಬ ಪದ ಮನೆಮನೆಯಲ್ಲಿ ಏನು ಮಾಡುತ್ತಿದೆ ಎಂಬುದನ್ನು ಹದಿನೈದು ವರ್ಷದಿಂದ ಪಿಯು ಮಕ್ಕಳಿಗೆ ಜೀವಶಾಸ್ತ್ರ ಹೇಳಿಕೊಡುತ್ತಾ ನೋಡಿದ್ದೇನೆ. ಈಗ ಅದನ್ನು ಬರೆಯದೆ ಇರಲಾಗುತ್ತಿಲ್ಲ.

144 ಎಂದರೆ ಎಷ್ಟು ಎಂದು ಮೊದಲು ಲೆಕ್ಕ ಹಾಕೋಣ. ನೀಟ್‌ನಲ್ಲಿ 180 ಪ್ರಶ್ನೆ. ಸರಿ ಉತ್ತರಕ್ಕೆ ನಾಲ್ಕು ಅಂಕ, ತಪ್ಪಿಗೆ ಒಂದು ಕಡಿತ. ಮೂವತ್ತಾರು ಪ್ರಶ್ನೆಗೆ ಸರಿಯಾಗಿ ಉತ್ತರಿಸಿ ಉಳಿದ 144 ಪ್ರಶ್ನೆಗಳನ್ನು ಮುಟ್ಟದೆ ಬಿಟ್ಟರೂ 144 ಅಂಕ ಬರುತ್ತದೆ. ಏನೂ ಓದದೆ ಕಣ್ಣು ಮುಚ್ಚಿ ಎಲ್ಲಕ್ಕೂ ಗುರುತು ಹಾಕಿದವನಿಗೂ ಸರಾಸರಿ 45 ಅಂಕ ಸಿಗುತ್ತದೆ. ಈ ಗೆರೆಯನ್ನು ಯಾರೂ ‘ವೈದ್ಯನಾಗಲು ಇಷ್ಟು ತಿಳಿದಿರಬೇಕು’ ಎಂದು ಕೂತು ಎಳೆದದ್ದಲ್ಲ. ಅದು ಪರ್ಸೆಂಟೈಲ್ ಗೆರೆ. ಪರೀಕ್ಷೆ ಬರೆದವರನ್ನೆಲ್ಲ ಅಂಕದ ಪ್ರಕಾರ ಸಾಲಾಗಿ ನಿಲ್ಲಿಸಿ, ಸಾಲಿನ ನಡುವೆ ನಿಂತವನ ಅಂಕ ಎಷ್ಟೋ ಅದೇ ಸಾಮಾನ್ಯ ವರ್ಗದ ಗೆರೆ. ಮೀಸಲು ವರ್ಗಗಳಿಗೆ 40ನೇ ಪರ್ಸೆಂಟೈಲ್. ಪ್ರಶ್ನೆಪತ್ರಿಕೆ ಕಠಿಣವಾದರೆ ಗೆರೆ ತಾನಾಗಿ ಕೆಳಗಿಳಿಯುತ್ತದೆ. 2024ರಲ್ಲಿ 162 ಇದ್ದದ್ದು 2025ರಲ್ಲಿ 144 ಆದದ್ದು ಹೀಗೆ.

ಆ ವರ್ಷ ಪರೀಕ್ಷೆ ಬರೆದವರು 22.09 ಲಕ್ಷ, ಅರ್ಹರಾದವರು 12.36 ಲಕ್ಷ. ಆಗ ದೇಶದಲ್ಲಿದ್ದ ಎಂಬಿಬಿಎಸ್ ಸೀಟು 1 ಲಕ್ಷ 20 ಸಾವಿರದ ಆಸುಪಾಸು. ಒಂದು ಸೀಟಿಗೆ ಹತ್ತು ಮಂದಿ ಅರ್ಹರು. ಆ ಸೀಟುಗಳಲ್ಲೂ ಹೆಚ್ಚುಕಡಿಮೆ ಅರ್ಧ ಖಾಸಗಿ ಕಾಲೇಜಿನವು. ನಮ್ಮ ರಾಜ್ಯದಲ್ಲಿ ಖಾಸಗಿ ಕೋಟಾದ ಸೀಟಿಗೆ ವರ್ಷಕ್ಕೆ ಹತ್ತು ಲಕ್ಷದ ಮೇಲೆ ಕೊಡಬೇಕು. 2014ರಲ್ಲಿ ಸುಮಾರು 51 ಸಾವಿರ ಇದ್ದ ಸೀಟುಗಳು ಇಮ್ಮಡಿಗಿಂತ ಹೆಚ್ಚಾಗಿವೆ, ಐದು ವರ್ಷದಲ್ಲಿ ಇನ್ನೂ 75 ಸಾವಿರ ವೈದ್ಯಕೀಯ ಸೀಟು (ಸ್ನಾತಕೋತ್ತರದವೂ ಸೇರಿ) ಹೆಚ್ಚಿಸುವುದಾಗಿ ಕೇಂದ್ರ ಸರ್ಕಾರ 2025ರ ಬಜೆಟ್‌ನಲ್ಲಿ ಹೇಳಿದೆ. ಆದರೂ ಅರ್ಹರಾಗಿಯೂ ಸೀಟಿಲ್ಲದೆ ಉಳಿಯುವ ಮಕ್ಕಳ ಸಂಖ್ಯೆ ಹತ್ತು ಲಕ್ಷದ ಮೇಲೇ ಇದೆ. 2018ರಿಂದ ವಿದೇಶದಲ್ಲಿ ವೈದ್ಯಕೀಯ ಓದಿ ಬಂದು ಇಲ್ಲಿ ವೃತ್ತಿ ಮಾಡಬೇಕೆನ್ನುವವರಿಗೂ ನೀಟ್ ಅರ್ಹತೆ ಕಡ್ಡಾಯ. ಹಾಗಾಗಿ ಆ ಗೆರೆ ದಾಟಿದ ಮನೆಯ ಫೋನು ಫಲಿತಾಂಶದ ಸಂಜೆಯೇ ರಿಂಗಾಗುತ್ತದೆ.

ಹೋದವರು ತಿರುಗಿ ಬಂದಾಗ ಏನಾಗುತ್ತದೆ? ವಿದೇಶದಲ್ಲಿ ಓದಿದವರು ಇಲ್ಲಿ ನೋಂದಣಿ ಪಡೆಯಲು ಎಫ್‌ಎಂಜಿಇ ಎಂಬ ಪರೀಕ್ಷೆ ಪಾಸಾಗಬೇಕು. ಮುನ್ನೂರು ಪ್ರಶ್ನೆ, ತಪ್ಪಿಗೆ ಅಂಕ ಕಡಿತವಿಲ್ಲ, 150 ಬಂದರೆ ಪಾಸ್. 2015ರಿಂದ 2018ರವರೆಗೆ ಈ ಪರೀಕ್ಷೆ ಬರೆದವರು 61,708 ಮಂದಿ, ಪಾಸಾದವರು 8,764. ನೂರಕ್ಕೆ ಹದಿನಾಲ್ಕು. ಆಮೇಲೆ ಸ್ವಲ್ಪ ಸುಧಾರಿಸಿದೆ. 2024ರ ಡಿಸೆಂಬರ್ ಆವೃತ್ತಿಯಲ್ಲಿ ನೂರಕ್ಕೆ 29ರ ಹತ್ತಿರ ಹೋಗಿತ್ತು, 2025ರ ಜೂನ್ ಆವೃತ್ತಿಯಲ್ಲಿ ಮತ್ತೆ 18.61ಕ್ಕೆ ಬಿತ್ತು.

ಇಲ್ಲಿ ಒಂದು ಮಾತು ಹೇಳಲೇಬೇಕು, ಇಲ್ಲದಿದ್ದರೆ ಅನ್ಯಾಯವಾಗುತ್ತದೆ. ಈ ಶೇಕಡಾವಾರು ಪ್ರತಿ ಸಲದ ಲೆಕ್ಕ. ನಪಾಸಾದವರು ಮತ್ತೆ ಬರೆಯುತ್ತಾರೆ, ಎರಡನೆಯ ಮೂರನೆಯ ಸಲಕ್ಕೆ ಪಾಸಾಗುವವರೂ ಇದ್ದಾರೆ. ಹಾಗಾಗಿ ಹೋದ ನೂರರಲ್ಲಿ ಎಂಬತ್ತು ಮಂದಿ ವೈದ್ಯರೇ ಆಗುವುದಿಲ್ಲ ಎಂದು ಓದಿಕೊಂಡರೆ ತಪ್ಪು. ಕಳಪೆ ವಿಶ್ವವಿದ್ಯಾಲಯ, ಕೆಟ್ಟ ಪಾಠ ಎಂದು ದೂರಿದರೂ ಅರ್ಧ ಸತ್ಯವೇ. ಹೋದವರಲ್ಲಿ ಬಹಳ ಮಂದಿ ಪಿಯುಸಿಯ ಭೌತಶಾಸ್ತ್ರ, ರಸಾಯನಶಾಸ್ತ್ರದಲ್ಲೇ ಕುಂಟುತ್ತಿದ್ದವರು. ಮೂವತ್ತಾರು ಸರಿ ಉತ್ತರದ ಅಡಿಪಾಯದ ಮೇಲೆ ಆರು ವರ್ಷದ ವೈದ್ಯಕೀಯ ಕಟ್ಟಲು ಹೊರಟವರು.

ಆದರೆ ಇದಕ್ಕಿಂತ ದೊಡ್ಡ ಕಾರಣ ಭಾಷೆ ಎಂದು ನನಗೆ ಅನ್ನಿಸುತ್ತದೆ. ನಮ್ಮ ಜಿಲ್ಲಾ ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ಒಂದು ಬೆಳಿಗ್ಗೆ ಕೂತು ನೋಡಿ. ಒಬ್ಬ ಅಜ್ಜಿ ‘ತಲಿ ಗಿರ್ ಅಂತೈತ್ರಿ’ ಅನ್ನುತ್ತಾಳೆ. ಮುಂದಿನ ಅಜ್ಜ ‘ಎದ್ದು ನಿಂತ್ರ ಕಣ್ಣಿಗೆ ಕತ್ತಲಿ ಬರತೈತಿ’ ಅನ್ನುತ್ತಾನೆ. ಕೇಳುವವರಿಗೆ ಎರಡೂ ತಲೆಸುತ್ತೇ. ವೈದ್ಯನಿಗೆ ಎರಡೂ ಬೇರೆಬೇರೆ ದಾರಿ. ಸುತ್ತಲಿನದು ತಿರುಗಿದಂತೆ ಅನ್ನಿಸಿದರೆ ಒಳಗಿವಿಯ ಕಡೆ ಗಮನ ಹೋಗಬೇಕು. ನಿಂತಾಗ ಕತ್ತಲೆ ಬಂದರೆ ರಕ್ತದೊತ್ತಡ, ಹೃದಯ, ರಕ್ತಹೀನತೆ, ಸೇವಿಸುತ್ತಿರುವ ಮಾತ್ರೆಗಳನ್ನು ವಿಚಾರಿಸಬೇಕು. ಸ್ಕ್ಯಾನು, ರಕ್ತಪರೀಕ್ಷೆ ಆಮೇಲೆ. ಮೊದಲ ಸುಳಿವು ರೋಗಿಯ ಮಾತಿನಲ್ಲೇ ಇರುತ್ತದೆ. ಎಂಬಿಬಿಎಸ್‌ನ ಕೊನೆಯ ವರ್ಷಗಳೆಂದರೆ ಈ ಮಾತು ಕೇಳಿಸಿಕೊಳ್ಳುವ, ಹೊಟ್ಟೆ ಒತ್ತಿ ನೋಡುವ, ಎದೆಗೆ ಸ್ಟೆತಸ್ಕೋಪು ಇಟ್ಟು ಕಿವಿ ಪಳಗಿಸುವ ವರ್ಷಗಳು.

ರಷ್ಯಾದಲ್ಲೋ ಕಿರ್ಗಿಸ್ತಾನದಲ್ಲೋ ತರಗತಿಯ ಪಾಠ ಇಂಗ್ಲಿಷ್‌ನಲ್ಲಿ ನಡೆಯಬಹುದು. ಅಲ್ಲಿನ ವಾರ್ಡಿನ ಅಜ್ಜಿ ಇಂಗ್ಲಿಷ್ ಮಾತಾಡುವುದಿಲ್ಲ. ರಷ್ಯನ್ ಚೆನ್ನಾಗಿ ಕಲಿಯದ ವಿದ್ಯಾರ್ಥಿ ಮಂಚದ ಬಳಿ ನಿಂತು ಬರುತ್ತಾನೆ, ಅಷ್ಟೆ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ನಾಲ್ಕನೇ ವರ್ಷದ ರಜೆಗೆ ಬಂದಾಗ, ಎಷ್ಟು ರೋಗಿಗಳನ್ನು ನೀನೇ ಮಾತಾಡಿಸಿದ್ದೀಯ ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ನೋಡೀನಿ ಸರ್, ಮಾತಾಡ್ಸಿಲ್ಲ’ ಎಂದ. ಇನ್ನು ನಮ್ಮಲ್ಲಿ ರಾತ್ರಿ ಕ್ಯಾಶುವಾಲ್ಟಿಗೆ ಬರುವುದು ಹಾವು ಕಡಿತ, ಕ್ರಿಮಿನಾಶಕ ಕುಡಿದವರು, ಡೆಂಗಿ ಜ್ವರ. ಮಲೆನಾಡಿನಲ್ಲಾದರೆ ಮಂಗನ ಕಾಯಿಲೆ. ಚಳಿದೇಶದ ಆಸ್ಪತ್ರೆಯಲ್ಲಿ ಇವನ್ನು ಕಣ್ಣಾರೆ ಕಾಣುವುದೇ ಅಪರೂಪ.

ಮುಂದೆ ಬರುವ ಅಪಾಯ ಹಿಂದಿನದಕ್ಕಿಂತ ದೊಡ್ಡದು, ಏಕೆಂದರೆ ನಿಯಮ ಬದಲಾಗಿದೆ. 2021ರ ನವೆಂಬರ್‌ನಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಹೊರಡಿಸಿದ ನಿಯಮಾವಳಿಯ ಪ್ರಕಾರ ಕೋರ್ಸು ಕನಿಷ್ಠ 54 ತಿಂಗಳಿನದಾಗಿರಬೇಕು, ಬೋಧನೆ ಇಂಗ್ಲಿಷ್‌ನಲ್ಲಿರಬೇಕು, ಅದೇ ಸಂಸ್ಥೆಯಲ್ಲಿ 12 ತಿಂಗಳ ಇಂಟರ್ನ್‌ಶಿಪ್ ಮಾಡಿರಬೇಕು. ಓದಿದ ದೇಶದಲ್ಲೇ ಅಲ್ಲಿನವರಂತೆ ವೈದ್ಯವೃತ್ತಿಗೆ ಪರವಾನಗಿ ಪಡೆಯುವ ಅರ್ಹತೆ ಇರಬೇಕು. ಎಲ್ಲ ಹತ್ತು ವರ್ಷದೊಳಗೆ ಮುಗಿಯಬೇಕು. ಭಾರತಕ್ಕೆ ಬಂದ ಮೇಲೆ ಇನ್ನೊಂದು ವರ್ಷದ ಇಂಟರ್ನ್‌ಶಿಪ್. ಇದರಲ್ಲಿ ಒಂದು ತಪ್ಪಿದರೂ ಇಲ್ಲಿ ವೈದ್ಯನಾಗಿ ನೋಂದಣಿ ಸಿಗುವುದಿಲ್ಲ. ಏಜೆಂಟ್ ಕೊಡುವ ಬಣ್ಣದ ಪುಸ್ತಿಕೆಯಲ್ಲಿ ಹಾಸ್ಟೆಲ್ಲಿನ ಫೋಟೊ ಇರುತ್ತದೆ, ದಕ್ಷಿಣ ಭಾರತದ ಊಟ ಸಿಗುತ್ತದೆ ಎಂದಿರುತ್ತದೆ. ಈ ನಿಯಮದ ಒಂದು ಸಾಲನ್ನೂ ನಾನು ಇದುವರೆಗೆ ಅದರಲ್ಲಿ ಕಂಡಿಲ್ಲ.

ನಿಯಮ ಪಾಲಿಸಿದರೂ ಕಾಲ ಕೈಕೊಟ್ಟದ್ದಿದೆ. 2020ರಲ್ಲಿ ಚೀನಾದಿಂದ ಬಂದ ಮಕ್ಕಳು ಎರಡು ವರ್ಷಕ್ಕೂ ಹೆಚ್ಚು ಕಾಲ ಮನೆಯಲ್ಲಿ ಮೊಬೈಲಿನಲ್ಲೇ ಪಾಠ ಕೇಳಿದರು. ಮೊಬೈಲಿನಲ್ಲಿ ಕಲಿತ ವೈದ್ಯಕೀಯ ಸಾಲದೆಂದು, ಹಲವರು ಒಂದು ವರ್ಷದ ಬದಲು ಎರಡು ಮೂರು ವರ್ಷ ಇಂಟರ್ನ್‌ಶಿಪ್ ಮಾಡಬೇಕಾಯಿತು. 2022ರ ಮಾರ್ಚ್ 1ರಂದು ಉಕ್ರೇನಿನ ಖಾರ್ಕಿವ್‌ನಲ್ಲಿ, ಊಟದ ಸಾಮಾನು ತರಲು ಹೊರಗೆ ಹೋದ ರಾಣೆಬೆನ್ನೂರು ತಾಲ್ಲೂಕಿನ ಚಳಗೇರಿಯ ವೈದ್ಯಕೀಯ ವಿದ್ಯಾರ್ಥಿ ನವೀನ್ ರಷ್ಯಾದ ದಾಳಿಗೆ ಬಲಿಯಾದ. ಪಿಯುಸಿಯಲ್ಲಿ ನೂರಕ್ಕೆ 97 ತೆಗೆದಿದ್ದ ಹುಡುಗ. ಆ ವಾರ ನಮ್ಮ ಕಾಲೇಜಿನಲ್ಲಿ ಯಾರಿಗೂ ಪಾಠ ಮಾಡುವ ಮನಸ್ಸಿರಲಿಲ್ಲ. 2024ರ ಮೇನಲ್ಲಿ ಕಿರ್ಗಿಸ್ತಾನದ ಬಿಷ್ಕೆಕ್‌ನಲ್ಲಿ ವಿದೇಶಿ ವಿದ್ಯಾರ್ಥಿಗಳ ಹಾಸ್ಟೆಲ್ಲುಗಳ ಮೇಲೆ ಗುಂಪು ನುಗ್ಗಿತು.

2025ರಲ್ಲಿ ಹೊರಟ ಹದಿನೆಂಟರ ಹುಡುಗನ ಲೆಕ್ಕ ಹಾಕಿ. ಎಲ್ಲ ನೆಟ್ಟಗೆ ನಡೆದರೆ 2031ರಲ್ಲಿ ಕೋರ್ಸು ಮುಗಿಯುತ್ತದೆ. ಎರಡು ಮೂರು ಸಲ ಬರೆದು ಎಫ್‌ಎಂಜಿಇ ಪಾಸಾಗುವಾಗ 2032. ಇಲ್ಲಿನ ಇಂಟರ್ನ್‌ಶಿಪ್ಪಿಗೆ ಜಾಗ ಸಿಕ್ಕಿ ಮುಗಿಯುವಾಗ 2033. ಇಪ್ಪತ್ತೈದು ಮೂವತ್ತು ಲಕ್ಷದ ಸಾಲಕ್ಕೆ ಅಷ್ಟು ವರ್ಷ ಬಡ್ಡಿ ಓಡುತ್ತಿರುತ್ತದೆ, ಅದಕ್ಕೆ ಅಡವಿಟ್ಟ ಎರಡೆಕರೆ ಬ್ಯಾಂಕಿನ ಕೈಯಲ್ಲಿರುತ್ತದೆ. ಪಾಸಾಗದಿದ್ದರೆ? ಓದಿದ್ದು ವೈದ್ಯಕೀಯ, ಹೆಸರಿನ ಮುಂದೆ ಡಾಕ್ಟರ್ ಎಂದು ಹಾಕುವಂತಿಲ್ಲ, ಬೇರೆ ಕೆಲಸಕ್ಕೆ ಆ ಪದವಿ ನಡೆಯುವುದಿಲ್ಲ. ಈ ಇಕ್ಕಟ್ಟು ಮನೆಯ ಹೊಸ್ತಿಲೊಳಗೇ ಉಳಿಯುವುದೂ ಇಲ್ಲ. ಎಫ್‌ಎಂಜಿಇ ಪಾಸಾಗದೆಯೇ ನೋಂದಣಿ ಪಡೆದರು ಎಂದು 73 ವಿದೇಶಿ ಪದವೀಧರರ ಮೇಲೆ, ಜೊತೆಗೆ 14 ರಾಜ್ಯಗಳ ವೈದ್ಯಕೀಯ ಪರಿಷತ್ತುಗಳ ಮೇಲೆ ಸಿಬಿಐ 2022ರ ಡಿಸೆಂಬರ್‌ನಲ್ಲಿ ಪ್ರಕರಣ ದಾಖಲಿಸಿತು. ಹಾಗೆ ನೋಂದಣಿ ಪಡೆದವರ ಕುರ್ಚಿಯ ಮುಂದೆ ಕೂರುವ ರೋಗಿ ನಾವೇ.

ವಿದೇಶದಲ್ಲಿ ಓದಿ ಬಂದು ಒಳ್ಳೆಯ ವೈದ್ಯರಾದವರು ನನಗೆ ಗೊತ್ತು. ನಮ್ಮ ತಾಲ್ಲೂಕು ಆಸ್ಪತ್ರೆಯಲ್ಲೇ ಒಬ್ಬರಿದ್ದಾರೆ. ನೀಟ್‌ನಲ್ಲಿ ಅವರಿಗೆ ಒಳ್ಳೆಯ ಅಂಕವಿತ್ತು, ಸ್ವಲ್ಪದರಲ್ಲಿ ಸರ್ಕಾರಿ ಸೀಟು ತಪ್ಪಿತ್ತು. ಅಲ್ಲಿ ಹೋಗಿ ಮೊದಲ ವರ್ಷವೇ ರಷ್ಯನ್ ಕಲಿತರು. ಹಾಗಾಗಿ ಹೋಗಲೇಬೇಡಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ಮುಂಗಡ ಕೊಡುವ ಮುನ್ನ ಆ ವಿಶ್ವವಿದ್ಯಾಲಯದಲ್ಲಿ ಐದನೇ ವರ್ಷ ಓದುತ್ತಿರುವ ಒಬ್ಬ ಕನ್ನಡದ ವಿದ್ಯಾರ್ಥಿಯನ್ನು ಏಜೆಂಟನ ನೆರವಿಲ್ಲದೆ ಹುಡುಕಿ ಫೋನ್ ಮಾಡಿ. ವಾರಕ್ಕೆ ಎಷ್ಟು ದಿನ ವಾರ್ಡಿಗೆ ಹೋಗುತ್ತೀರಿ, ರೋಗಿಯನ್ನು ಯಾವ ಭಾಷೆಯಲ್ಲಿ ಮಾತಾಡಿಸುತ್ತೀರಿ ಎಂದು ಕೇಳಿ. ಆ ಪದವಿಗೆ ಆ ದೇಶದಲ್ಲೇ ವೈದ್ಯನಾಗುವ ಪರವಾನಗಿ ಸಿಗುತ್ತದೆಯೇ ಎಂಬುದನ್ನು ಬರಹದಲ್ಲಿ ಕೇಳಿ. ಬರೆದುಕೊಡಲು ಹಿಂಜರಿದರೆ ಅಲ್ಲಿಂದ ಎದ್ದು ಬನ್ನಿ. ನೀಟ್‌ನಲ್ಲಿ 150ರ ಆಸುಪಾಸು ನಿಂತ ಮಗುವಿನ ಮನೆಯವರಿಗೆ ನಾನು ಇನ್ನೂ ನೇರವಾಗಿ ಹೇಳುತ್ತೇನೆ: ಹಣ ಹೊಂದಿಸಬಹುದು, ಆ ಅಂಕದ ತಳಹದಿಯನ್ನು ವಿಮಾನ ಬದಲಿಸುವುದಿಲ್ಲ. ಬಿಎಸ್ಸಿ ನರ್ಸಿಂಗ್, ಫಿಸಿಯೊಥೆರಪಿ, ಲ್ಯಾಬ್ ಟೆಕ್ನಾಲಜಿ ಓದಿದವರಿಗೆ ಇದೇ ಆಸ್ಪತ್ರೆಗಳಲ್ಲಿ ಕೆಲಸವಿದೆ.

ಆ ರೈತರಿಗೆ ಇದರಲ್ಲಿ ಬಹುಪಾಲನ್ನು ಹೇಳುವಷ್ಟರಲ್ಲಿ ಒಂದು ತಾಸು ಹಿಡಿಯಿತು. ಅವರು ಪ್ರಿಂಟ್ ಹಾಳೆಯ ಹಿಂದೆ ಪ್ರಶ್ನೆಗಳನ್ನು ಬರೆಸಿಕೊಂಡು, ಏಜೆಂಟನನ್ನೇ ಕೇಳಿಬರುತ್ತೇನೆ ಎಂದು ಹೋದರು. ಪಕ್ಕದ ಬೆಂಚಿನ ಮೇಲೆ ಹುಡುಗಿಯೊಬ್ಬಳು ತಾಯಿಯ ಜೊತೆ ಕೂತು ನಮ್ಮ ಮಾತು ಕೇಳುತ್ತಿದ್ದಳು. ಅವಳ ಅಂಕ 410. ಅವಳಿಗೂ ಅದೇ ಏಜೆಂಟ್ ಫೋನ್ ಮಾಡಿದ್ದ, ಇಲ್ಲಿ ಈ ಅಂಕಕ್ಕೆ ಏನೂ ಸಿಗುವುದಿಲ್ಲ ಎಂದಿದ್ದ. ಓದಿದ್ದೆಲ್ಲಿ ಎಂದು ಕೇಳಿದೆ. ಒಂದರಿಂದ ಹತ್ತನೇ ತರಗತಿವರೆಗೆ ಊರಿನ ಸರ್ಕಾರಿ ಶಾಲೆ, ಕನ್ನಡ ಮಾಧ್ಯಮ. ಗ್ರಾಮೀಣ ಮೀಸಲಾತಿ ಶೇ 15, ಕನ್ನಡ ಮಾಧ್ಯಮಕ್ಕೆ ಶೇ 5, ಎರಡನ್ನೂ ಅವಳು ಕೇಳಬಹುದಿತ್ತು. ಸೀಟು ಸಿಕ್ಕೇ ಸಿಗುತ್ತದೆ ಎಂದು ನಾನು ಹೇಳಲಿಲ್ಲ. ಆದರೆ ಆ ಎರಡಕ್ಕೂ ಬೇಕಾದ ವ್ಯಾಸಂಗ ಪ್ರಮಾಣಪತ್ರಗಳು ಇಲ್ಲದೆ ಹೋದರೆ, ಸೀಟು ಹಂಚುವ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ (ಕೆಇಎ) ದಾಖಲೆ ಪರಿಶೀಲನೆಯಲ್ಲಿ ಅವಳು ಬರೀ ಸಾಮಾನ್ಯ ಸಾಲಿನಲ್ಲಿ ನಿಲ್ಲಬೇಕಾಗುತ್ತಿತ್ತು. ಅವಳ ಬಳಿ ಎರಡೂ ಇರಲಿಲ್ಲ. ಗಂಟೆ ಮೂರಾಗಿತ್ತು. ಶಾಲೆಯ ಹೆಡ್ ಮಾಸ್ತರರಿಗೆ ಫೋನ್ ಮಾಡಿ ದಾಖಲಾತಿ ರಿಜಿಸ್ಟರ್ ತೆಗೆದಿಡಲು ಹೇಳಿದೆ. ತಾಯಿ ಮಗಳು ಮೂರೂವರೆಯ ಬಸ್ಸಿಗೆ ಓಡಿದರು.